ಆರಂಭದ ಶಿಲ್ಕು

ಮಿಲಾಗ್ರಿಸ್ ಕಡೆಯಿಂದ ಫಳ್ನೀರ್ ರಸ್ತೆಯಾಗಿ ಕಂಕನಾಡಿಯತ್ತ ಹೋಗುವಾಗ ತಾವು ನಮ್ಮ ಅಂಗಡಿಯನ್ನು ಗಮನಿಸಿರಲಿಕ್ಕಿಲ್ಲ. ಔಷಧದಂಗಡಿಗಳ ನಡುವೆ ಒಂದೇ ಬಾಗಿಲಿನ ಪುಟ್ಟ ಕೋಣೆ ಅದು. ಈಗ ಅಲ್ಲಿ ಜೆರಾಕ್ಸ್ ಮತ್ತು ಸ್ಪೈರಲ್ ಬೈಂಡಿಂಗ್ ನಡೆಯುತ್ತದೆ. ನನ್ನ ತಂದೆಯವರ ಕಾಲದಲ್ಲಿ ಅಲ್ಲಿ ಲೆಕ್ಕದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುತ್ತಿದ್ದರು. ಕೆಂಪು ಬಟ್ಟೆಯ ಬೆನ್ನು, ಮೂಲೆಗಳಿಗೆ ಚರ್ಮ, ಒಳಗೆ ಗೆರೆ ಎಳೆದ ದಪ್ಪ ಕಾಗದ. ಮಾರ್ಚ್ ತಿಂಗಳು ಬಂತೆಂದರೆ ಮನೆಯವರೆಲ್ಲ ಸೂಜಿ ಹಿಡಿಯಬೇಕಾಗಿತ್ತು, ಏಕೆಂದರೆ ಏಪ್ರಿಲ್ ಒಂದರಂದು ಎಲ್ಲರಿಗೂ ಹೊಸ ಪುಸ್ತಕ ಬೇಕು.

ಆ ವ್ಯಾಪಾರವನ್ನು ನುಂಗಿದ್ದು ಕಂಪ್ಯೂಟರು. ನುಂಗಿದ್ದನ್ನೇ ನಾನು 2005ರಲ್ಲಿ ಮನೆಗೆ ತಂದೆ. ಆ ವರ್ಷದ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಜಾರಿಗೆ ಬಂದಿತು. ಲೆಕ್ಕವನ್ನು ಸರಿಯಾಗಿ ಇಡದೆ ಇನ್ನು ನಡೆಯದು ಎಂದು ಎಲ್ಲರೂ ಹೆದರಿದ್ದ ದಿನಗಳವು. ತಂದೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಹಳೆಯ ಕಂಪ್ಯೂಟರೊಂದನ್ನು ಕೊಂಡು ಟ್ಯಾಲಿ ಹಾಕಿಸಿದೆ.

ಟ್ಯಾಲಿ ನಮ್ಮ ಬೆಂಗಳೂರಿನ ಕೂಸು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿ ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಂದಲೇ ಒಂದನ್ನು ಬರೆಸಿದರು. 1986ರಲ್ಲಿ ಕಂಪನಿ ಹುಟ್ಟಿತು. ಮಗನಿಗೆ 2020ರಲ್ಲಿ ಪದ್ಮಶ್ರೀಯೂ ಬಂದಿತು. ಖಾತೆಗಳಿಗೆಲ್ಲ ಸಂಕೇತ ಸಂಖ್ಯೆ ಕೊಟ್ಟು ಅವನ್ನು ನೆನಪಿಟ್ಟುಕೊಳ್ಳುವ ಕಷ್ಟವನ್ನು ಅವರು ತಪ್ಪಿಸಿದರು. ಕಾಗದ ಕೊಡುವ ವ್ಯಾಪಾರಿಯ ಹೆಸರು ಬರೆದರೆ ಅದೇ ಅವನ ಖಾತೆ. ಅಂಗಡಿಯವರಿಗೆ ಇದು ಹಿಡಿಸಿತು. ನಾವು ಸಾಲವನ್ನು ನೆನಪಿಡುವುದು ಮನುಷ್ಯರ ಹೆಸರಿನಿಂದಲೇ ಅಲ್ಲವೇ?

ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ಎಫ್ 5 ಒತ್ತಿದರೆ ಪಾವತಿ, ಎಫ್ 6 ಒತ್ತಿದರೆ ಜಮೆ. ಕರೆಂಟು ಹೋಗುವ ಮೊದಲು ವೌಚರನ್ನು ಮುಗಿಸುವ ಆತುರ ಬೇರೆ. ಎಲ್ಲಕ್ಕಿಂತ ಮೊದಲು ಕಣ್ಣು ತೆರೆಸಿದ್ದು 'ಡ್ರಾಯಿಂಗ್ಸ್' ಎಂಬ ಖಾತೆ. ಮಾಲೀಕ ಅಂಗಡಿಯಿಂದ ಮನೆಗೆ ಒಯ್ಯುವ ಹಣ ಅಲ್ಲಿ ದಾಖಲಾಗುತ್ತದೆ. ಅಲ್ಲಿಯವರೆಗೆ ಗಲ್ಲಾಪೆಟ್ಟಿಗೆಯೂ ನನ್ನ ಜೇಬೂ ಒಂದೇ ಆಗಿದ್ದವು. ತೆನೆಹಬ್ಬದ ತರಕಾರಿ, ಮಗುವಿನ ಫೀಸು, ನೆಂಟರಿಗೆ ಕೊಟ್ಟ ಉಡುಗೊರೆ ಎಲ್ಲವೂ ಅಲ್ಲಿಂದಲೇ. 'ವ್ಯಾಪಾರವಿಲ್ಲ' ಎಂದು ಗೊಣಗುತ್ತಿದ್ದ ನನಗೆ ವರ್ಷಾಂತ್ಯದಲ್ಲಿ ಆ ಖಾತೆ ಬೇರೆಯೇ ಉತ್ತರ ಕೊಟ್ಟಿತು. ವ್ಯಾಪಾರ ಇತ್ತು; ತಿಂದಿದ್ದೆವು.

ಆದರೆ ನಾನು ಹೇಳಹೊರಟದ್ದು ಇನ್ನೊಂದು ಸಂಗತಿ.

ಹೊಸದಾಗಿ ಲೆಕ್ಕ ತೆರೆಯುವಾಗ ಆರಂಭದ ಶಿಲ್ಕನ್ನು ತುಂಬಬೇಕು. ನಮ್ಮಲ್ಲಿ ಇರುವುದೇನು, ನಾವು ಕೊಡಬೇಕಾದದ್ದೇನು. ಮಾಲು, ಯಂತ್ರಗಳು, ಕಟ್ಟಡದ ಅಡ್ವಾನ್ಸು, ಬ್ಯಾಂಕಿನ ಹಣ, ಗಿರಾಕಿಗಳಿಂದ ಬರಬೇಕಾದ ಬಾಕಿ ಎಲ್ಲವನ್ನೂ ಒಂದು ಕಡೆ ಬರೆದೆ. ಕಾಗದದ ವ್ಯಾಪಾರಿಗೂ ಬ್ಯಾಂಕಿಗೂ ಕೊಡಬೇಕಾದದ್ದನ್ನು ಇನ್ನೊಂದು ಕಡೆ ಬರೆದೆ. ಎರಡೂ ಸಮವಾಗದಿದ್ದರೆ ಟ್ಯಾಲಿ ಸುಮ್ಮನಿರುವುದಿಲ್ಲ. 'ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್' ಎಂದು ಒಂದು ಸಾಲು ಬರೆದು ತೋರಿಸುತ್ತದೆ. ನನ್ನ ಪರದೆಯ ಮೇಲೆ 1,12,640 ರೂಪಾಯಿಯ ವ್ಯತ್ಯಾಸ ಕಂಡಿತು. ಕಲಿಸಲು ಬಂದಿದ್ದ ಹುಡುಗ ನಕ್ಕು, "ಅದು ನಿಮ್ಮದೇ ದುಡ್ಡಲ್ಲವಾ ಸರ್, ಕ್ಯಾಪಿಟಲ್‌ಗೆ ಹಾಕಿಬಿಡಿ" ಎಂದ. ಅವನು ಹೇಳಿದ್ದು ಶಾಸ್ತ್ರಪ್ರಕಾರ ಸರಿಯೇ. ಕೊಡಬೇಕಾದದ್ದನ್ನೆಲ್ಲ ಕಳೆದು ಉಳಿಯುವುದೇ ಬಂಡವಾಳ. ನನ್ನ ಹೆಸರಿನಲ್ಲಿ ಬಂಡವಾಳದ ಖಾತೆ ತೆರೆದೆ. ಆ ಸಾಲು ಮಾಯವಾಯಿತು. ಹನ್ನೆರಡು ವರ್ಷ ನನ್ನ ತಾಳೆಪಟ್ಟಿ ಒಂದು ಪೈಸೆಯೂ ತಪ್ಪಲಿಲ್ಲ.

2017ರಲ್ಲಿ, ಜಿಎಸ್‌ಟಿ ಬಂದ ವರ್ಷ, ತಂದೆಯವರ ಕಾಗದ ಕತ್ತರಿಸುವ ಯಂತ್ರವನ್ನು ಗುಜರಿಗೆ ಕೊಟ್ಟೆ. ಅದನ್ನು ಆಸ್ತಿಯ ಪಟ್ಟಿಯಿಂದ ತೆಗೆಯುವ ಮುನ್ನ ಕೊಂಡ ವರ್ಷ ಯಾವುದೆಂದು ನೋಡೋಣವೆಂದು ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆ. ತಂದೆಯವರು ಪ್ರತಿ ಪುಸ್ತಕದ ಮೊದಲ ಪುಟದ ತಲೆಯಲ್ಲಿ ಸಣ್ಣ ಶಿಲುಬೆಯೊಂದನ್ನು ಬರೆಯುತ್ತಿದ್ದರು. ಇದು ಅವರ ಭಕ್ತಿ ಎಂದಷ್ಟೇ ಭಾವಿಸಿದ್ದೆ. ಜೋಡಿ ನಮೂದಿನ ಪದ್ಧತಿಯನ್ನು ಮೊತ್ತಮೊದಲು ಅಚ್ಚಿನಲ್ಲಿ ವಿವರವಾಗಿ ತಿಳಿಸಿದವರು ಲೂಕಾ ಪಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ. ಅವರ ಗಣಿತ ಗ್ರಂಥ 1494ರಲ್ಲಿ ವೆನಿಸ್‌ನಲ್ಲಿ ಮುದ್ರಣವಾಯಿತು. ಪದ್ಧತಿ ಅವರು ಕಂಡುಹಿಡಿದದ್ದಲ್ಲ, ಅಲ್ಲಿನ ವರ್ತಕರದು. ಮೊದಲ ಲೆಕ್ಕದ ಪುಸ್ತಕಗಳಿಗೆ ಶಿಲುಬೆಯ ಗುರುತು ಹಾಕುವ ರೂಢಿಯನ್ನೂ ಅವರು ಅದರಲ್ಲಿ ಹೇಳಿದ್ದಾರೆ. ನನ್ನ ತಂದೆ ಆ ಹೆಸರನ್ನು ಕೇಳಿದವರಲ್ಲ.

1989ರ ಕಿರ್ದಿಯಲ್ಲಿ ಯಂತ್ರ ಸಿಕ್ಕಿತು. ಅದೇ ಪುಟದ ಜಮೆಯ ಬದಿಯಲ್ಲಿ, ಕನ್ನಡ ಲಿಪಿಯ ಕೊಂಕಣಿಯಲ್ಲಿ, ಅಕ್ಕನ ಹೆಸರಿನ ಮುಂದೆ ಹೀಗೊಂದು ನಮೂದಿತ್ತು: ಬಳೆ 3, ತೂಕ 30 ಗ್ರಾಂ, ಮಾರಿ ಬಂದದ್ದು 9,000, ಹಿಂದೆ ಕೊಡತಕ್ಕದ್ದು.

ಕಿರ್ದಿ ಹಣ ಬಂದದ್ದನ್ನೂ ಹೋದದ್ದನ್ನೂ ಹೇಳುತ್ತದೆ, ಅಷ್ಟೇ. ಬಂದದ್ದು ಯಾರ ಸ್ವತ್ತಾಗಿ ಉಳಿದಿದೆ ಎಂಬುದನ್ನು ಬೇರೆ ಖಾತೆಯಲ್ಲಿ ಬರೆದು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಒಯ್ಯಬೇಕು. ತಂದೆಯವರು ಒಯ್ದಿರಲಿಲ್ಲ. ಆದ್ದರಿಂದ 2005ರಲ್ಲಿ ನಾನು ಬರೆದ ಸಾಲಗಳ ಪಟ್ಟಿಯಲ್ಲಿ ಅಕ್ಕ ಇರಲಿಲ್ಲ. ಅವಳ ಬಳೆಗಳು ನನ್ನ ಬಂಡವಾಳದೊಳಗೆ ಸೇರಿಕೊಂಡು ಹನ್ನೆರಡು ವರ್ಷ ಅಚ್ಚುಕಟ್ಟಾಗಿ ತಾಳೆಯಾಗುತ್ತಿದ್ದವು.

ಮೂರು ವಾರ ನಾನು ಆ ಪುಸ್ತಕವನ್ನು ಯಾರಿಗೂ ತೋರಿಸಲಿಲ್ಲ. ನಿಜ ಹೇಳುತ್ತೇನೆ, ಅದನ್ನು ಮರಳಿ ಅಟ್ಟಕ್ಕೇರಿಸುವ ಯೋಚನೆಯೂ ಬಂದಿತ್ತು. ತಂದೆಯವರು ತಪ್ಪನ್ನು ಒಂದೇ ಗೆರೆಯಿಂದ ಹೊಡೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಕೆಳಗಿನ ಅಂಕೆ ಓದಲು ಬರುತ್ತಿತ್ತು. ನನ್ನ ಕಂಪ್ಯೂಟರಿನಲ್ಲಾದರೋ ಹಳೆಯ ವೌಚರನ್ನು ತೆರೆದು ತಿದ್ದಿದರೆ ಕಲೆಯೂ ಉಳಿಯುತ್ತಿರಲಿಲ್ಲ. (ಕಂಪನಿಗಳ ಮಟ್ಟಿಗೆ ಸರಕಾರ ಇದನ್ನು ತಡೆದಿದೆ. 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಲೇಬೇಕು. ನನ್ನಂತಹ ಒಂಟಿ ಅಂಗಡಿಯವನಿಗೆ ಆ ನಿಯಮವಿಲ್ಲ.)

ಕೊನೆಗೊಂದು ರಾತ್ರಿ ಎಫ್ 7 ಒತ್ತಿ ಬಂಡವಾಳದಿಂದ 9,000 ತೆಗೆದು ಅಕ್ಕನ ಹೆಸರಿನಲ್ಲಿ ಸಾಲದ ಖಾತೆ ತೆರೆದೆ. ಒಂದು ನಿಮಿಷದ ಕೆಲಸ. ಹಾಗಾದರೂ ನಿದ್ದೆ ಬರಲಿಲ್ಲ. ಲೆಕ್ಕಶಾಸ್ತ್ರ ಬರೆದ ದಿನದ ರೂಪಾಯಿಯನ್ನೇ ಹಿಡಿದುಕೊಂಡಿರುತ್ತದೆ. 1989ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಮೂರು ಸಾವಿರದ ಆಸುಪಾಸಿನ ಬೆಲೆ. 2017ರಲ್ಲಿ ಅದು ಸುಮಾರು ಇಪ್ಪತ್ತೊಂಬತ್ತು ಸಾವಿರ. ಪುಸ್ತಕದ ಪ್ರಕಾರ ನಾನು ಒಂಬತ್ತು ಸಾವಿರದ ಸಾಲಗಾರ. ತೂಕದ ಪ್ರಕಾರ ಎಂಬತ್ತು ಸಾವಿರಕ್ಕೂ ಮೇಲೆ.

ಮರುವಾರ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ. ಅಕ್ಕ ಕನ್ನಡಕ ಹಾಕಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದಳು.

"ಮದುವೆಗೆ ಮೊದಲು ಮಾಡಿಸಿಕೊಡುತ್ತೇನೆ ಅಂದಿದ್ದರು. ರೋಸ್ ದಿನ ಕೈತುಂಬ ಗಾಜಿನ ಚುಡೊ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಅತ್ತೆ ಕೇಳಿದರು, ಬಳೆ ಎಲ್ಲಿ ಅಂತ. ಅಂಗಡಿಯಲ್ಲಿದೆ ಅಂದೆ."

ಅತ್ತೆ ಏನೆಂದುಕೊಂಡರೋ, ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು: "ಅಪ್ಪನ ವರ್ಷದ ಪೂಜೆಯ ದಿನ ನೀನು ಮಾತೆತ್ತುತ್ತೀ ಅಂತ ಕಾದಿದ್ದೆ."

ನನಗೆ ಗೊತ್ತಿರಲಿಲ್ಲ ಎಂದೆ. ಅದು ನಿಜ. 1989ರಲ್ಲಿ ನನಗೆ ಹದಿನೇಳು ವರ್ಷ. ಆ ಯಂತ್ರ ಅಂಗಡಿಗೆ ಬಂದ ದಿನ ಹೊರೆಯಾಳುಗಳ ಜೊತೆ ನಾನೂ ಕೈಕೊಟ್ಟಿದ್ದೆ. ದುಡ್ಡು ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

ತೂಕಕ್ಕೆ ತೂಕ ಕೊಡುವುದೆಂದು ಆಯಿತು, ಒಂದೊಂದಾಗಿ. ಮೊದಲನೆಯ ಬಳೆಯನ್ನು 2018ರ ಕ್ರಿಸ್ಮಸ್‌ಗೆ ಕೊಟ್ಟೆ. ನಮ್ಮ ಲೆಕ್ಕ ನೋಡುವವರು, ಅಂಗಡಿಯ ಸಾಲ ಒಂಬತ್ತು ಸಾವಿರ ಮಾತ್ರ, ಮಿಕ್ಕದ್ದನ್ನು ಡ್ರಾಯಿಂಗ್ಸ್‌ಗೆ ಬರೆಯಿರಿ ಎಂದರು. ಹಾಗೆಯೇ ಬರೆದೆ. ಎರಡನೆಯದು 2022ರಲ್ಲಿ. ಮೂರನೆಯದಕ್ಕೆ ಕೂಡಿಡುತ್ತಿದ್ದಂತೆ ಚಿನ್ನ ಮುಂದೆ ಓಡಿತು. 2025ರಲ್ಲಿ ಹತ್ತು ಗ್ರಾಂಗೆ ಲಕ್ಷ ರೂಪಾಯಿ ದಾಟಿತು.

ಟ್ಯಾಲಿಯಲ್ಲಿ ಅಕ್ಕನ ಖಾತೆ ತೆರೆದರೆ 2018ರಿಂದ ಬಾಕಿ ಸೊನ್ನೆ. ಹಾಗಾಗಿ 1989ರ ಆ ಪುಟದಲ್ಲೇ, ತಂದೆಯವರ ನಮೂದಿನ ಕೆಳಗೆ, ಪೆನ್ಸಿಲಿನಿಂದ ಮೂರು ಸಾಲು ಎಳೆದಿಟ್ಟಿದ್ದೇನೆ. ಎರಡರಲ್ಲಿ ದಿನಾಂಕ ಇದೆ, ತೂಕ ಇದೆ, ಅಕ್ಕನ ಸಹಿ ಇದೆ. ಮೂರನೆಯದು ಈ ಕ್ರಿಸ್ಮಸ್‌ಗೆ ಆಗಲಿಕ್ಕಿಲ್ಲ. ಈಸ್ಟರ್ ಹೊತ್ತಿಗೆ ನೋಡಬೇಕು.