ಮಲಗಿದ ಮೋಟಾರನ್ನು ಎಬ್ಬಿಸುವ ಬಗೆ

ಕೃಷ್ಣೆ-ಘಟಪ್ರಭೆಯರ ಮಡಿಲಲ್ಲಿ ಬಾಳುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಾದ ನಮಗೆ ಹೊಳೆಯು ಅನ್ನವನ್ನೀಯುವ ತಾಯಿ. ಮುನಿದಾಗ ಕರೆಯದೆ ಮನೆಯೊಳಗೆ ಬರುವವಳೂ ಅವಳೇ. 2019ರ ಆಗಸ್ಟದಲ್ಲಿ ಎರಡು ಹೊಳೆಗಳೂ ಉಕ್ಕಿದಾಗ ದಂಡೆಯ ಎಷ್ಟೋ ಊರುಗಳಿಗೆ ದೋಣಿಯೇ ದಾರಿಯಾಯಿತು. ಆ ಸೆಳವಿನೆದುರು ಹುಟ್ಟು ಹಾಕುವ ತೋಳಿನ ಬಲ ಸಾಲದು. ದೋಣಿಯ ಹಿಂಬದಿಗೆ ಬಿಗಿಯುವ ಮೋಟಾರು ಬೇಕು. ಆದರೆ ಈ ಮೋಟಾರು ಕೆಲವೇ ದಿನ ದುಡಿದು ವರುಷಗಟ್ಟಲೆ ಮೂಲೆಯಲ್ಲಿ ಮಲಗುವಂಥದು. ನೀರು ಬಾಗಿಲಿಗೆ ಬಂದ ಮೇಲೆ ಅದನ್ನೆಬ್ಬಿಸಹೋಗುವದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ದಂಡೆಯ ನಾಲ್ಕು ಮನೆಯವರು ಕೂಡಿ ನಾವು ಇಂಥದೊಂದು ಹಳೆಯ ಎರಡು ಸ್ಟ್ರೋಕಿನ ಮೋಟಾರನ್ನು ಕೊಂಡೆವು. ಅದು ಆರು ವರುಷ ಕಬ್ಬಿನ ರವದಿಯ ಮರೆಯಲ್ಲಿ ಬಿದ್ದಿತ್ತು. ಹುಡುಗರಿಗೆ ಕೂಡಲೇ ಹಗ್ಗವನ್ನೆಳೆದು ನೋಡುವ ಆತುರ. ಮಗ್ಗದ ಮುಂದೆ ಬೆಳೆದ ಬನಹಟ್ಟಿಯ ಹಿರಿಯರೊಬ್ಬರು ಅವರನ್ನು ತಡೆದು, “ಬಿಗದ ನೂಲು ಜಗ್ಗಿದರ ಹರೀತೈತಿ ತಮ್ಮಾ, ಮೊದಲ ಸಡ್ಲ ಮಾಡು” ಎಂದರು. ಆ ಮಾತೇ ನಮಗೆ ಗುರುವಾಕ್ಯವಾಯಿತು.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನೊಳಗೆ ಒಂದಿಷ್ಟು ಎಣ್ಣೆಯನ್ನು ಬಿಟ್ಟು, ರಾತ್ರಿಯೆಲ್ಲ ಹಾಗೆಯೇ ಇರಿಸಿದೆವು. ಮರುದಿನ ಮೇಲಿನ ಚಕ್ರವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಲು, ಮೊದಲು ಮುಲುಗಿ ಬಳಿಕ ಸರಾಗವಾಗಿ ಸುತ್ತಿತು. ಪೆಟ್ರೋಲು ಹತ್ತಿರವಿಲ್ಲದ ಕಡೆಯಲ್ಲಿ ಪ್ಲಗ್ಗನ್ನು ಲೋಹಕ್ಕೆ ತಾಗಿಸಿ ಹಗ್ಗವನ್ನೆಳೆದಾಗ ನೀಲಿಯ ಕಿಡಿ ಹಾರಿತು. ಜೀವವು ಉಳಿದಿದೆಯೆಂದು ಅರಿತೆವು.

ಇಂಥ ಮೋಟಾರುಗಳ ಮುಖ್ಯ ವೈರಿಯು ತುಕ್ಕಲ್ಲ, ಹಳಸಿದ ಪೆಟ್ರೋಲು. ಅದರ ಹಗುರಾದ ಅಂಶವು ಆರಿಹೋಗಿ, ಉಳಿದುದು ಕಡಾಯಿಯ ಅಂಚಿಗೆ ಅಂಟಿದ ಬೆಲ್ಲದ ಪಾಕದಂತೆ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುವದು. ಅವನ್ನು ತಂತಿಯಿಂದ ಚುಚ್ಚಬಾರದು. ರಂಧ್ರವು ಹಿಗ್ಗಿದರೆ ಪೆಟ್ರೋಲಿನ ಅಳತೆಯೇ ಕೆಡುವದು. ತೊಳೆಯುವ ದ್ರವದಲ್ಲಿ ನೆನೆಯಿಸಿ ಗಾಳಿಯನ್ನೂದುವದೇ ಲೇಸು. ಬಿರಿತ ರಬ್ಬರಿನ ಕೊಳವೆಗಳನ್ನೂ ಕೈಯಿಂದ ಹಿಂಡುವ ಗುಂಡನ್ನೂ ಬದಲಿಸಿ, ಹೊಸ ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿದೆವು. ನಮ್ಮ ಮೋಟಾರಿಗೆ 50ಕ್ಕೆ 1ರ ಪ್ರಮಾಣ, ಎಂದರೆ 5 ಲೀಟರಿಗೆ 100 ಮಿಲಿಲೀಟರು. ಅನ್ಯ ಮೋಟಾರುಗಳಿಗೆ ತಯಾರಕರ ಲೆಕ್ಕವೇ ಪ್ರಮಾಣ.

ನೀರೊಳಗಿಳಿಯುವ ಕಾಲಿನಲ್ಲಿ ಎರಡು ಗುಟ್ಟುಗಳಿರುವವು. ಒಂದು, ತಂಪಿನ ನೀರನ್ನು ಮೇಲೆತ್ತುವ ರಬ್ಬರಿನ ಗಾಲಿ. ಬಹುದಿನ ಒಂದೇ ಭಂಗಿಯಲ್ಲಿದ್ದರೆ ಅದರ ಎಸಳುಗಳು ಬಾಗಿಯೇ ಉಳಿಯುವವು. ಬೆಲೆ ಕಡಿಮೆ, ಆದರೆ ಅದು ಸೋತರೆ ಮೋಟಾರೇ ಸುಟ್ಟುಹೋಗುವದು. ಇನ್ನೊಂದು, ಗೇರಿನ ಎಣ್ಣೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ನುಗ್ಗಿದೆಯೆಂದೇ ತಿಳಿಯತಕ್ಕದ್ದು. ನಮ್ಮದರಲ್ಲಿ ಅದು ಹಾಗೆಯೇ ಇತ್ತು. ಪಂಖದ ದಂಡಕ್ಕೆ ಮೀನಿನ ಗಾಳದ ದಾರವು ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು. ಸೀಲನ್ನೂ ಎಣ್ಣೆಯನ್ನೂ ಹೊಸದಾಗಿಸಿದೆವು.

ಮೊದಲ ಪರೀಕ್ಷೆಯನ್ನು ಹೊಳೆಯಲ್ಲಿ ಮಾಡಬಾರದು. ಬಯಲಿನಲ್ಲಿ ದೊಡ್ಡ ಪೀಪಾಯಿಗೆ ನೀರು ತುಂಬಿಸಿ, ಮೋಟಾರನ್ನು ಗಟ್ಟಿಯಾದ ಹಲಗೆಗೆ ಬಿಗಿದು, ನೀರೆಳೆಯುವ ಕಿಂಡಿಯನ್ನು ಮುಳುಗಿಸಿ ಹಗ್ಗವನ್ನೆಳೆದೆವು. ಒಂಬತ್ತನೆಯ ಎಳೆತಕ್ಕೆ ಮೊದಲು ನೀಲಿ ಹೊಗೆ, ಆಮೇಲೆ ಗುಡುಗು, ಕೊನೆಗೆ ಹಿಂಬದಿಯ ಚಿಕ್ಕ ರಂಧ್ರದಿಂದ ನೀರಿನ ಸಣ್ಣ ಧಾರೆ. ಆ ಧಾರೆಯು ಕಾಣಿಸದಿದ್ದರೆ ಕೂಡಲೇ ನಿಲ್ಲಿಸತಕ್ಕದ್ದು. ನೆರೆದ ಹೆಂಗಸರು, “ಇನ್ನ ಹೊಳಿ ಬಂದರ ಮುದುಕರನ್ನ ಹೊರಾಕ ಜನ ಹುಡುಕೂದು ತಪ್ಪಿತು” ಎಂದರು. ಖರ್ಚಿನ ಲೆಕ್ಕವನ್ನು ಆ ಮಾತು ತೀರಿಸಿತು.

ಪ್ರತಿ ಸಲದ ಕೆಲಸ ಮುಗಿದ ಮೇಲೆ ತಿಳಿನೀರಿನಲ್ಲಿ ಓಡಿಸಿ, ಕಾರ್ಬ್ಯುರೇಟರನ್ನು ಬರಿದುಮಾಡಿ, ಸಿಲಿಂಡರಿಗೆ ಎಣ್ಣೆಯನ್ನು ಬಿಟ್ಟು, ನೆಟ್ಟಗೆ ನಿಲ್ಲಿಸಿಡಬೇಕು. ಬಿತ್ತನೆಗೆ ಕೂರಿಗೆಯನ್ನು ಸಜ್ಜುಮಾಡುವ ರೈತನು ರೋಹಿಣಿ ಮಳೆಗೆ ಮುನ್ನವೇ ಇದನ್ನೂ ಒಮ್ಮೆ ಎಬ್ಬಿಸಿ ನೋಡಲಿ. ಹೊಳೆಯು ತಿಥಿ ನೋಡಿ ಬರುವದಿಲ್ಲ.