ಒಲೆಯ ಮುಂದಿನ ಪ್ರಾರ್ಥನೆ

ಉರ್ದು ಶಾಲೆಯಲ್ಲಿ ನಾವು ನಮಾಝ್, ದುಆ, ಝಿಕ್ರ್, ಇಬಾದತ್ ಎಂಬ ನಾಲ್ಕು ಪದಗಳನ್ನು ಕಲಿತೆವು. ಕನ್ನಡ ಶಾಲೆಯಲ್ಲಿ ನಾಲ್ಕಕ್ಕೂ ‘ಪ್ರಾರ್ಥನೆ’ ಎಂಬ ಒಂದೇ ಪದ ಬಳಕೆಯಲ್ಲಿತ್ತು. ಆದರೆ ಇವು ನಾಲ್ಕೂ ಒಂದೇ ಅಲ್ಲ. ನಮಾಝ್‌ಗೆ ಹೊತ್ತು, ದಿಕ್ಕು, ವುಝೂ ಬೇಕು. ದುಆಗೆ ಹೊತ್ತುಗೊತ್ತಿನ ಕಟ್ಟಿಲ್ಲ. ಝಿಕ್ರ್ ದಾರಿ ನಡೆಯುತ್ತಲೂ ಸಾಗುತ್ತದೆ. ಒಳ್ಳೆಯ ನಿಯ್ಯತ್ತಿನಿಂದ ಮಾಡಿದ ದುಡಿಮೆಯೂ ಇಬಾದತ್ತೇ. ಹಾಗಾಗಿ ಕ್ರೈಸ್ತರ ದಿನನಿತ್ಯದ ಬದುಕಿನಲ್ಲಿ ಪ್ರಾರ್ಥನೆ ಯಾವುದು ಎಂದು ಯಾರಾದರೂ ಕೇಳಿದರೆ, ಭಾನುವಾರದ ಬಲಿಪೂಜೆ ಎಂದಷ್ಟೇ ಹೇಳಿ ಮುಗಿಸಲು ನಮಗೆ ಮನಸ್ಸು ಬರುವುದಿಲ್ಲ.

ಮಂಗಳೂರಿನಲ್ಲಿ ನಾವು ಕೆಲವು ವರ್ಷ ಬಾಡಿಗೆಗಿದ್ದಾಗ ನೆರೆಮನೆಯವರು ಕೊಂಕಣಿ ಮಾತಾಡುವ ಕೆಥೊಲಿಕರು. ಸಂಜೆ ಮಗ್ರಿಬ್‌ನ ಬಾಂಗ್ ಮತ್ತು ಇಗರ್ಜಿಯ ಗಂಟೆ ಹೆಚ್ಚು ಅಂತರವಿಲ್ಲದೆ ಕೇಳಿಸುತ್ತಿದ್ದವು. ಆಮೇಲೆ ಅವರ ಮನೆಯಲ್ಲಿ ಜಪಸರ, ಅವರ ಮಾತಿನಲ್ಲಿ ‘ತೇರ್ಸ್’. ಆರಂಭದಲ್ಲಿ ಮೂರು, ಆಮೇಲೆ ಹತ್ತು ಹತ್ತರ ಐದು ಸುತ್ತು, ಒಟ್ಟು 53 ಬಾರಿ ಮರಿಯಮ್ಮನವರಿಗೆ ನಮನ. ನಮ್ಮ ತಸ್ಬೀಹ್ ಬಲ್ಲವರಿಗೆ ಆ ಮಣಿ ಎಣಿಸುವ ಬೆರಳು ಅಪರಿಚಿತವಲ್ಲ. ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರ ಬಳಿ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುತ್ತಿದ್ದರು. ಹಗಲಿಡೀ ತಂದೆಯೊಡನೆ ಮುನಿಸಿಕೊಂಡಿದ್ದ ಮಗನೂ ಆಗ ಅವರ ಮುಂದೆ ನಿಲ್ಲಲೇಬೇಕು.

ಆ ಮನೆಯ ಹಿರಿಯಾಕೆ ಮಧ್ಯಾಹ್ನ ಮೀನಿನ ಸಾರು ಕುದಿಸುವಾಗಲೂ ಅವರ ತುಟಿ ಅಲುಗುತ್ತಿತ್ತು. “ತೇರ್ಸ್ ಸಂಜೆಗಲ್ಲವೇ ಬಾಯಿ?” ಎಂದು ನಾವೊಮ್ಮೆ ಕೇಳಿದೆವು. “ಅದು ಸಂಜೆಯದ್ದು, ಇದು ಒಲೆಯದ್ದು” ಎಂದರು.

ಈ ಉತ್ತರದ ಹಿಂದೆ ದೀರ್ಘ ಪರಂಪರೆಯಿದೆ. ಎಡೆಬಿಡದೆ ಪ್ರಾರ್ಥಿಸಬೇಕೆಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದಿದ್ದರು. ಉಳುವವನು, ಅಡುಗೆ ಮಾಡುವವಳು ಅದನ್ನು ಪಾಲಿಸುವುದು ಹೇಗೆ? ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ, ಮಠದ ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕೆಂದು ವಿಧಿಸಿದರು. ಯುದ್ಧದಲ್ಲಿ ಗಾಯಗೊಂಡ ಫ್ರಾನ್ಸಿನ ಒಬ್ಬ ಮಾಜಿ ಸೈನಿಕ 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠ ಸೇರಿ ಬ್ರದರ್ ಲಾರೆನ್ಸ್ ಆದರು. ಅವರು ಪಾದ್ರಿಯಲ್ಲ, ಅಡುಗೆಯವರು. ಆ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಆದರೂ ವರ್ಷಗಟ್ಟಲೆ ಮಾಡಿದರು, ಮುಂದೆ ಮಠದವರ ಪಾದರಕ್ಷೆಗಳನ್ನೂ ರಿಪೇರಿ ಮಾಡಿದರು. ಅಡುಗೆಮನೆಯ ಗದ್ದಲದಲ್ಲೂ ಅವರಿಗೆ ದೇವರು ಬಲಿಪೀಠದ ಮುಂದಿದ್ದಷ್ಟೇ ಹತ್ತಿರ. ಅವರು 1691ರಲ್ಲಿ ತೀರಿಕೊಂಡ ಮೇಲೆ ಅವರ ಪತ್ರ, ಸಂಭಾಷಣೆಗಳು ಪುಸ್ತಕವಾದವು.

ಹಾಗಾದರೆ ದುಡಿಮೆಯೇ ಸಾಕು, ಮಣಿ ಏಕೆ ಎಂದು ಕೇಳಬಹುದು. ಆದರೆ ಲಾರೆನ್ಸರು ಮಠದ ನಿಗದಿತ ಪ್ರಾರ್ಥನೆಗಳನ್ನು ಬಿಟ್ಟವರಲ್ಲ. ನಮ್ಮ ನೆರೆಯ ಬಾಯಿಯೂ ಸಂಜೆಯದನ್ನು ಒಲೆಗೆ ಒಪ್ಪಿಸಿ ಕೈತೊಳೆದುಕೊಳ್ಳಲಿಲ್ಲ. ಹೊತ್ತಿಗೆ ಸರಿಯಾಗಿ ಮೊಣಕಾಲೂರುವ ಅಭ್ಯಾಸವಿದ್ದವರಿಗೇ ಹೊತ್ತಲ್ಲದ ಹೊತ್ತಿನಲ್ಲೂ ದೇವರ ನೆನಪು ಬರುತ್ತದೆ.

ಯೇಸು ಇಟ್ಟ ಅಳತೆಗೋಲು ಇನ್ನೂ ಕಠಿಣ. ಕಾಣಿಕೆ ಅರ್ಪಿಸಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗಿ ಬಾ ಎಂಬುದು ಮತ್ತಾಯನ ಸುವಾರ್ತೆಯಲ್ಲಿರುವ ಉಪದೇಶ. ಬೆಸಾಂವ್ ಕೇಳುವ ಮುನಿಸಿನ ಮಗನಲ್ಲಿ ನಮಗೆ ಕಂಡದ್ದು ಇದೇ. ನಮಾಝಿಗಳಾಗಿದ್ದೂ ನೆರೆಯವರಿಗೆ ಸಣ್ಣಪುಟ್ಟ ವಸ್ತು ಕೊಡಲೊಪ್ಪದವರನ್ನು ‘ಅಲ್ ಮಾಊನ್’ ಅಧ್ಯಾಯ ಎಚ್ಚರಿಸುವುದನ್ನು ಬಲ್ಲ ನಮಗೆ ಇದು ಹೊಸತಲ್ಲ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರೂ ಸೇರಿದಂತೆ ಕರ್ನಾಟಕದ ಹಲವೆಡೆ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ನಾಲ್ಕು ಜನ ಕೂಡಿ ಕಣ್ಣುಮುಚ್ಚಿದರೆ ಅದು ಪ್ರಾರ್ಥನೆಯೋ ಮತಾಂತರವೋ ಎಂದು ಹೊಸ್ತಿಲಲ್ಲಿ ನಿಂತು ವಿಚಾರಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸಿ ಎಂದು ಕಲಿಸಿದ ಗುರುವಿನ ಅನುಯಾಯಿಗಳಿಗೆ, ಬಾಗಿಲು ಮುಚ್ಚಿದ್ದೇ ಸಂಶಯಕ್ಕೆ ಕಾರಣವಾಗುವ ಸಂಕಟ. ಮನೆಯೊಳಗಿನ ಕುರ್‌ಆನ್ ಪಠಣಕ್ಕೂ ಇದೇ ಪ್ರಶ್ನೆ ಬಾರದೆಂದು ನಾವು ನೆಮ್ಮದಿಯಿಂದಿರಲಾಗದು.

ಯಾವ ಪ್ರಾರ್ಥನೆ ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂಬ ಲೆಕ್ಕ ಕೇಳುವವನದ್ದು. ನೆರೆಯವರಾಗಿ ನಮ್ಮ ಪಾಲಿಗಿರುವುದು ಇಷ್ಟೇ: ಅವರ ತೇರ್ಸ್ ಮುಗಿಯುವವರೆಗೆ ನಮ್ಮ ಟಿವಿಯ ಸದ್ದನ್ನು ತುಸು ತಗ್ಗಿಸುವುದು.