ಕುಪ್ಪಳಿಯ ಜಗಲಿಯ ಮೇಲೆ ಒಂದು ಮಧ್ಯಾಹ್ನ

ಹೊಸ ಮನೆ ಕಟ್ಟಿಸಿದವರಿಗೆಲ್ಲ ಒಂದು ಕಾಯಿಲೆ ಇರುತ್ತದೆ, ನೋಡಿದ್ದೀರಾ? ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಒಂದೊಂದೇ ಕೋಣೆಯ ಬಾಗಿಲು ತೆಗೆದು ತೋರಿಸುವ ಕಾಯಿಲೆ! ನನಗೂ ಎರಡು ವರ್ಷ ಅದು ಇತ್ತು ಅನ್ನಿ. ಹಾಲಿನಲ್ಲಿ ಸೋಫಾ, ಗಾಜಿನ ಷೋಕೇಸು, ಮಗನಿಗೊಂದು ರೂಮು, ಮಗಳಿಗೊಂದು ರೂಮು, ಅತ್ತೆಯವರಿಗೆ ಬಚ್ಚಲು ಸೇರಿದ ಕೋಣೆ. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಅವರವರ ಬಾಗಿಲು ಹಾಕಿಕೊಂಡುಬಿಡುತ್ತಿದ್ದರು. ಹಳೆಯ ಬಾಡಿಗೆ ಮನೆಯಲ್ಲಿ ದಿನವಿಡೀ ವಟವಟ ಅನ್ನುತ್ತಿದ್ದ ಅತ್ತೆ, ಇಲ್ಲಿಗೆ ಬಂದ ಮೇಲೆ ಮಾತೇ ನಿಲ್ಲಿಸಿದರು. ಕೇಳಿದರೆ, "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಅನ್ನೋರು. ನನ್ನ ಮೇಲೇ ಏನೋ ಸಿಟ್ಟಿರಬೇಕು ಎಂದುಕೊಂಡು ನಾನೂ ಮುಖ ಊದಿಸಿಕೊಂಡೇ ಓಡಾಡುತ್ತಿದ್ದೆ.

ಅಂಥ ದಿನಗಳಲ್ಲಿ, ದಸರಾ ರಜೆಗೆಂದು ಕುಪ್ಪಳಿಗೆ ಹೋದೆವು. ಮಗಳ ಪಾಠದಲ್ಲಿ ಕುವೆಂಪು ಅವರ ಪದ್ಯವಿತ್ತು. ಕವಿಯ ಮನೆ ನೋಡಬೇಕೆಂದು ಹಟ ಹಿಡಿದಳು. ಅತ್ತೆಯವರ ತವರೂ ಮಲೆನಾಡೇ. "ಅತ್ತೆಮ್ಮ, ನೀವೂ ಬನ್ನಿ" ಎಂದಾಗ ಬೇಡ ಅನ್ನಲಿಲ್ಲ.

ಹೋಗುವ ದಾರಿ ಹೇಳಿಬಿಡುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಅಲ್ಲಿ ತುಂಗೆಯನ್ನು ನೋಡಿಕೊಂಡು ಕೊಪ್ಪದ ರಸ್ತೆ ಹಿಡಿದರೆ ಗಡಿಕಲ್ಲು ಸಿಗುತ್ತದೆ. ಅಲ್ಲಿಂದ ಒಳಕ್ಕೆ ತಿರುಗಬೇಕು. ಎರಡೂ ಕಡೆ ಕಾಡು, ನಡುನಡುವೆ ಅಡಿಕೆ ತೋಟ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ನಾನು ಪುಳಿಯೋಗರೆ, ಮೊಸರನ್ನ ಒಯ್ದಿದ್ದೆ. ಎಳೆಮಕ್ಕಳಿದ್ದರೆ ಜೋರು ಮಳೆಗಾಲದಲ್ಲಿ ಹೊರಡಬೇಡಿ, ಇಂಬಳದ ಕಾಟ ತಡೆಯಲಾಗದು. ನಾವು ಹೋದಾಗ ಮಳೆ ಹಿಂದೆಗೆದು ಎಲ್ಲೆಲ್ಲೂ ತೊಳೆದಿಟ್ಟಂಥ ಹಸಿರಿತ್ತು.

ಕವಿಮನೆ ಎಂದರೆ ಕುವೆಂಪು ಅವರ ಪೂರ್ವಿಕರ ಮನೆ. ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಈ ಮನೆಯಲ್ಲಿ. ಮೂರಂತಸ್ತಿನ ದೊಡ್ಡ ತೊಟ್ಟಿ ಮನೆ, ಈಗ ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕವಿಯ ಪುಸ್ತಕಗಳು, ಫೋಟೋಗಳು, ಅವರ ಮದುವೆಯ ಮಂಟಪ, ಆ ಕಾಲದ ಪಾತ್ರೆ ಪಡಗ ಎಲ್ಲ ಅಲ್ಲಿವೆ. ಅವುಗಳ ವಿವರ ಬರೆದವರು ಬಹಳ ಮಂದಿ ಇದ್ದಾರೆ. ನಿಮ್ಮ ಹತ್ತಿರ ನಾನು ಹೇಳಬೇಕೆಂದಿರುವುದು ಅಲ್ಲಿನ ಜಗಲಿಯ ವಿಷಯ.

ತೊಟ್ಟಿ ಮನೆ ನೋಡದವರಿಗಾಗಿ ಒಂದೆರಡು ಮಾತು. ಮನೆಯ ಹೊಟ್ಟೆಯೊಳಗೇ ಒಂದು ಅಂಗಳ. ಅದರ ಮೇಲೆ ಮಾಡಿಲ್ಲ, ಬರಿಯ ಆಕಾಶ. ನಾಲ್ಕೂ ಕಡೆಯ ಹಂಚಿನ ಮಾಡು ಒಳಕ್ಕೆ ಬಾಗಿ ಮಳೆನೀರನ್ನು ಆ ಅಂಗಳಕ್ಕೆ ಸುರಿಯುತ್ತದೆ, ಅಲ್ಲಿಂದ ನೀರು ಹೊರಗೆ ಹರಿದುಹೋಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡ ಕವಿದಿರುವ ಸೀಮೆಯಲ್ಲಿ ಒಳಮನೆಗೆ ಬೆಳಕು ಬರುವುದು ಆ ಬಾಯಿಂದಲೇ. ಬೇಸಗೆಯಲ್ಲಿ ಬಿಸಿ ಗಾಳಿ ಅದೇ ಬಾಯಿಂದ ಮೇಲೇರಿ ಹೋಗಿ ಒಳಗೆ ತಂಪಾಗುತ್ತದೆ. ಅಂಗಳದ ಸುತ್ತ ಮರದ ಕಂಬಗಳ ಜಗಲಿ. ಜಗಲಿಯ ಅಂಚಿನಲ್ಲಿ, ಕಂಬದಿಂದ ಕಂಬಕ್ಕೆ ಕೂರಿಸಿದ ಅಗಲವಾದ ಹಲಗೆ. ಅದಕ್ಕೆ ಆ ಕಡೆ ಕೆಸರಲಿಗೆ ಅನ್ನುತ್ತಾರೆ. ಎಷ್ಟೋ ಜನ ಕೂತೂ ಕೂತೂ ಅದು ಗಾಜಿನಷ್ಟು ನುಣುಪಾಗಿರುತ್ತದೆ.

ಇವರೂ ಮಕ್ಕಳೂ ಮನೆಯ ಮೇಲ್ಗಡೆಯ ಕವಿಶೈಲಕ್ಕೆ ಹೊರಟರು. ಅತ್ತೆಯವರಿಗೆ ಮಂಡಿನೋವು, ಏರು ಹತ್ತುವ ಹಾಗಿಲ್ಲ. ಅವರ ಜೊತೆಗೆ ನಾನುಳಿದೆ. ಮನಸ್ಸಿನಲ್ಲಿ ಸ್ವಲ್ಪ ಗೊಣಗಿಕೊಂಡೇ ಉಳಿದೆ, ನಿಮ್ಮ ಹತ್ತಿರ ಮುಚ್ಚಿಟ್ಟರೇನು ಬಂತು! ಅತ್ತೆ ಯಾರನ್ನೂ ಕೇಳದೆ ಸೀದಾ ಹೋಗಿ ಜಗಲಿಯ ಹಲಗೆಯ ಮೇಲೆ ಕೂತರು. ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಕೂತ್ಕೋ ಮಾರಾಯ್ತಿ, ನಿಂತೇ ಇದ್ದೀಯಲ್ಲ" ಅಂದರು.

ಆಮೇಲೆ ಮಾತು ಶುರುವಾಯಿತು ನೋಡಿ! ಎರಡು ವರ್ಷದ ಮಾತೆಲ್ಲ ಒಟ್ಟಿಗೆ ಬಂತು. ತವರಿನ ಜಗಲಿಯಲ್ಲಿ ಅವರ ಅಜ್ಜ ಕೂರುತ್ತಿದ್ದ ಕಂಬ ಯಾವುದು, ಮಕ್ಕಳು ಪಗಡೆಯಾಡುತ್ತಿದ್ದ ಮೂಲೆ ಯಾವುದು, ಬಾಣಂತಿಯರ ಕೋಣೆ ಎಲ್ಲಿತ್ತು, ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯೆಲ್ಲ ಸಾಲಾಗಿ ಕೂತು ಕಥೆ ಹೇಳುತ್ತಾ ಸುಲಿಯುತ್ತಿದ್ದುದು ಹೇಗೆ, ಎಲ್ಲ ಹೇಳಿದರು. ಕೊನೆಗೆ ಅಂಗಳದ ಬೆಳಕನ್ನೇ ನೋಡುತ್ತಾ, "ಇಲ್ಲಿ ಸುಮ್ನೆ ಕೂತಿದ್ರೂ ಮನೇಲಿ ಯಾರು ಬಂದ್ರು, ಯಾರು ಹೋದ್ರು ಅಂತ ತಿಳೀತದೆ ಕಣೇ. ನಮ್ಮನೇಲಿ ನಾನು ಬಾಗ್ಲು ತೆಗೆದು ಹೊರಗೆ ಬಂದ್ರೆ, ಏನು ಬೇಕತ್ತೆ ಅಂತ ಕೇಳ್ತೀಯ. ಏನೂ ಬೇಡ ಅಂದ್ರೆ ಮತ್ತೆ ಒಳಗೇ ಹೋಗ್ಬೇಕು" ಅಂದರು.

ನನಗೆ ಯಾರೋ ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು. ಹೌದಲ್ಲ! ಆ ಮಾತನ್ನು ನಾನು ಉಪಚಾರವೆಂದೇ ಕೇಳುತ್ತಿದ್ದೆ. ಅವರಿಗೆ ಬೇಕಾಗಿದ್ದುದು ನೀರಲ್ಲ, ಕಾಫಿಯಲ್ಲ. ಕಾರಣವಿಲ್ಲದೆ ಕೂರಲು ಒಂದು ಜಾಗ. ಹಾಲಿನ ಸೋಫಾದಲ್ಲಿ ಕೂತರೆ ಟಿ.ವಿ. ಎದುರಿಗೆ ಅಡ್ಡವಾಗುತ್ತೇನೆಂಬ ಸಂಕೋಚ, ಅಡಿಗೆಮನೆಯಲ್ಲಿ ನಿಂತರೆ ನನ್ನ ಕೈಗೆ ಕಾಲಿಗೆ ಸಿಕ್ಕುತ್ತೇನೆಂಬ ಸಂಕೋಚ. ನಾವು ಅವರಿಗೊಂದು ಕೋಣೆ ಕೊಟ್ಟಿದ್ದೆವು, ಜಗಲಿ ಕೊಟ್ಟಿರಲಿಲ್ಲ.

ಹಾಗೆಂದು ಹಳೇ ಮನೆಯೇ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಜಗಲಿಯಿಂದೆದ್ದು ಅಡಿಗೆಮನೆಯ ಕಡೆ ಹೋದಾಗ ಅತ್ತೆಯವರ ಮುಖವೇ ಬದಲಾಯಿತು. ಒಲೆಯನ್ನು ನೋಡುತ್ತಾ ನಿಂತು, "ನಮ್ಮವ್ವನ ಕಣ್ಣು ಹೋಗಿದ್ದು ಇಂಥದ್ದೇ ಒಲೆ ಮುಂದೆ. ಮಳೆಗಾಲದಲ್ಲಿ ಹಸಿ ಸೌದೆ, ಊದಿ ಊದಿ ಸಾಕಾಗೋದು. ಗಂಡಸರ ಜಗಲೀಲಿ ಬೆಳಕೋ ಬೆಳಕು, ನಮಗೆ ಹೊಗೆ" ಅಂದರು. ತವರಿನ ಜಗಲಿಯ ಸೊಗಸನ್ನು ಆಗತಾನೇ ಬಣ್ಣಿಸಿದವರೂ ಅವರೇ! ಹಗಲು ಹೊತ್ತು ಹೆಂಗಸರು ಆ ಹಲಗೆಯ ಮೇಲೆ ಕೂರುತ್ತಿದ್ದರೇ ಎಂದು ಕೇಳಿದೆ. ನಕ್ಕರು. "ಗಂಡಸರು ತೋಟಕ್ಕೆ ಹೋದ್ಮೇಲೆ" ಅಂದರು.

'ಕಾನೂರು ಹೆಗ್ಗಡಿತಿ' ಓದಿದವರಿಗೆ ಇದು ಹೊಸತಲ್ಲ. 1936ರಲ್ಲಿ ಬಂದ ಆ ಕಾದಂಬರಿಯಲ್ಲಿ ಮುದುಕ ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬರುವ ಸುಬ್ಬಮ್ಮನಿಗೆ ಅಷ್ಟು ದೊಡ್ಡ ಮನೆಯಲ್ಲಿ ಒಂದು ಗಳಿಗೆ ನೆಮ್ಮದಿ ಎಲ್ಲಿದೆ? ಕಂಬ ಎಷ್ಟು ದಪ್ಪವಿದ್ದರೇನು, ಒಳಗೆ ಮನಸ್ಸುಗಳು ಮುರಿದು ಮನೆಯೇ ಪಾಲಾಗುತ್ತದೆ. ಇಂಥ ಮನೆಗಳಲ್ಲಿ ಬೆಳೆದವರೇ ಅದನ್ನು ಬರೆದರು ಎಂಬುದನ್ನು ನೆನೆದು, ಆ ಅಡಿಗೆಮನೆಯಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಮಕ್ಕಳು ಇಳಿದು ಬಂದ ಮೇಲೆ ನಾನೂ ಓಡಿ ಕವಿಶೈಲ ನೋಡಿ ಬಂದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಕಂಬದಂತೆ ನಿಲ್ಲಿಸಿ ಅದರ ಮೇಲೆ ಕಲ್ಲು ಹೇರಿದ್ದಾರೆ. 1994ರ ನವೆಂಬರಿನಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲೇ. ಸಂಜೆಯ ಹೊತ್ತಿಗೆ ಹೋಗಿ, ದೂರದ ಬೆಟ್ಟಸಾಲು ನೀಲಿಯಾಗುತ್ತಾ ಬರುವುದನ್ನು ನೋಡಿ. ಅದಕ್ಕಿಂತ ಹೆಚ್ಚು ನಾನು ವರ್ಣಿಸಲಾರೆ, ನನ್ನ ತಲೆಯಲ್ಲಿ ಆಗಲೇ ನಮ್ಮ ಮನೆಯ ಹಿಂಬಾಗಿಲು ಕೂತಿತ್ತು!

ನಮ್ಮ ಮನೆಯಲ್ಲಿ ಅಡಿಗೆಮನೆಗೂ ಹಿತ್ತಲಿಗೂ ನಡುವೆ ಆರಡಿ ಅಗಲದ ಒಂದು ಮೊಗಸಾಲೆಯಿದೆ. ಅಲ್ಲಿ ಖಾಲಿ ಡಬ್ಬ, ಹಳೇ ಪೇಪರು, ಗ್ಯಾಸ್ ಸಿಲಿಂಡರು, ಕೆಟ್ಟ ಮಿಕ್ಸಿ, ಏನುಂಟು ಏನಿಲ್ಲ! ಊರಿಗೆ ಬಂದ ಮೂರನೆಯ ದಿನ ಅದನ್ನೆಲ್ಲ ಹೊರಗೆ ಹಾಕಿದೆ. ಮಾವನವರ ಕಾಲದ ಮಂಚ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದರ ಹಲಗೆಗಳನ್ನು ಬಡಗಿಗೆ ಕೊಟ್ಟು, ಗೋಡೆಗೆ ಹೊಂದಿಸಿ ಉದ್ದಕ್ಕೆ ಒಂದು ಬೆಂಚು ಮಾಡಿಸಿದೆ. ಒಂದು ಮಾತು ನೆನಪಿಡಿ: ಎತ್ತರ ಅಳೆಯುವಾಗ ಮನೆಯ ಹಿರಿಯರನ್ನೇ ಕೂರಿಸಿ ಅಳೆಯಿರಿ. ಪಾದ ನೆಲಕ್ಕೆ ತಾಕಬೇಕು, ಏಳುವಾಗ ಮಂಡಿಗೆ ಭಾರ ಬೀಳಬಾರದು. ನಮ್ಮ ಬಡಗಿ ಮೊದಲು ಮಾಡಿದ್ದು ತಗ್ಗಾಗಿ, ಕೆಳಗೆ ಮತ್ತೆ ಕಟ್ಟೆ ಕೊಡಿಸಬೇಕಾಯಿತು. ಮೆತ್ತೆ, ಕುಚ್ಚು, ಕಸೂತಿ ಏನೂ ಹಾಕಲಿಲ್ಲ. ಮೆತ್ತೆ ಹಾಕಿದರೆ ಮಕ್ಕಳಿಗೆ ಒದ್ದೆ ಕಾಲಲ್ಲಿ ಬರಬೇಡಿ ಎಂದು ಗದರಬೇಕಾಗುತ್ತದೆ. ಗದರುವ ಜಾಗ ಹಾಲಿನಲ್ಲಿ ಸಾಕಷ್ಟಿದೆಯಲ್ಲ.

ಇನ್ನು ಒಲೆಯ ಮೇಲಿನ ಗೋಡೆ. ಅಲ್ಲಿ ಕಿಟಕಿ ಬೇಕೆಂದೆ. "ಹೊಸ ಗೋಡೆ ಒಡೆಯೋದಾ!" ಎಂದು ಇವರು ಎದ್ದು ನಿಂತುಬಿಟ್ಟರು. ಎರಡು ವಾರ ಆ ವಿಷಯಕ್ಕೇ ಜಗಳವಾಯಿತು. ಬೆಂಚಿನ ಖರ್ಚೇ ಹೆಚ್ಚಾಯಿತೆಂದು ಅವರು, ಷೋಕೇಸಿಗೆ ಕೊಟ್ಟದ್ದರಲ್ಲಿ ಕಾಲುಭಾಗವೂ ಆಗಿಲ್ಲವೆಂದು ನಾನು. ಕೊನೆಗೆ ಅತ್ತೆಯೇ ಮಗನನ್ನು ಕರೆದು, "ನಮ್ಮವ್ವನಿಗೆ ಒಂದು ಕಿಟಕಿ ಇದ್ದಿದ್ರೆ ಸಾಕಿತ್ತು ಕಣೋ" ಅಂದರು. ಮಾರನೆಯ ದಿನ ಗಾರೆಯವನು ಬಂದ. ಅತ್ತೆ ನನ್ನ ಪರವಾಗಿ ಮಾತಾಡಿದ್ದು ಈ ಮನೆಗೆ ಬಂದ ಮೇಲೆ ಅದೇ ಮೊದಲು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ನೀವು ನಂಬುವುದೂ ಇಲ್ಲ. ಮಗ ಈಗಲೂ ಮೊಬೈಲು ಹಿಡಿದು ರೂಮು ಸೇರುತ್ತಾನೆ, ಇವರು ಈಗಲೂ ಪೇಪರು ಓದುವುದು ಸೋಫಾದಲ್ಲೇ. ಆದರೆ ಮಧ್ಯಾಹ್ನ ಮೂರೂವರೆಗೆ ಕಾಫಿ ಲೋಟ ಹಿಡಿದು ನಾನು ಆ ಬೆಂಚಿಗೆ ಬರುತ್ತೇನೆ. ಅತ್ತೆ ಅಷ್ಟು ಹೊತ್ತಿಗಾಗಲೇ ಗೋಡೆಗೆ ಒರಗಿ ಕೂತು ಸೊಪ್ಪು ಬಿಡಿಸುತ್ತಿರುತ್ತಾರೆ. ಏನು ಬೇಕತ್ತೆ ಎಂದು ನಾನು ಕೇಳುವುದಿಲ್ಲ. ಮಗಳು ಸ್ಕೂಲಿಂದ ಬಂದು ಬ್ಯಾಗು ಬಿಸುಟು ನಮ್ಮಿಬ್ಬರ ನಡುವೆ ತೂರಿಕೊಳ್ಳುತ್ತಾಳೆ.

ಮೊನ್ನೆ ಸಂಜೆ ಜೋರು ಮಳೆ, ಕರೆಂಟು ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಹಿಂಬಾಗಿಲಿಗೇ ಬಂದರು. ಅತ್ತೆ ಅಲ್ಲಿಂದಲೇ, "ಮಳೇಲಿ ಕೆಸುವಿನೆಲೆ ಚೆನ್ನಾಗಿ ಬಂದಿದೆ, ನಾಳೆ ಪತ್ರೊಡೆ ಮಾಡೋಣ, ಅಕ್ಕಿ ನೆನೆಹಾಕು" ಅಂದರು. ಮಗ, "ಅಜ್ಜಿ, ಸ್ವಲ್ಪ ಸರಕೊಳ್ಳಿ" ಎಂದು ಬೆಂಚಿನ ತುದಿಯಲ್ಲಿ ಕೂತ. ಇವರಿಗೆ ಜಾಗ ಸಾಲದೆ ಹೊಸ್ತಿಲ ಮೇಲೆ ಕೂರಬೇಕಾಯಿತು.